ಎಂಟು ಕಾಲಿನ ರಿಲೇ

ಜನವರಿ 6, 2025, ಸೋಮವಾರ
ರಿಪೇರಿ ಅಂಗಡಿ ತೆರೆದವಳೇ ಕಂಪ್ಯೂಟರಿನ ಮುಂದೆ. ಸರ್ಕ್ಯೂಟ್ ಬರೆಯುವ ಕೈಕ್ಯಾಡ್‌ ಸಾಫ್ಟ್‌ವೇರಿನಲ್ಲಿ ಬಿಡಿಭಾಗಗಳ ಸಾವಿರಾರು ಸಿಂಬಲ್‌ಗಳಿವೆ, ರಾಣೆಬೆನ್ನೂರಿನಲ್ಲಿ ಸಿಗುವ ನಮ್ಮ ರಿಲೇ, ಅದೇ ಕರೆಂಟು ಕೊಟ್ಟರೆ ಟಕ್ ಅನ್ನುವ ಸ್ವಿಚ್ಚು, ಅದು ಮಾತ್ರ ಇಲ್ಲ! ಇಲ್ಲದಿದ್ದರೆ ನಾನೇ ಬರೆಯುತ್ತೇನೆ. ಒಂದು ಚೌಕ, ಎಂಟು ಕಾಲು, ಪ್ರತಿ ಕಾಲಿಗೂ ನಂಬರು. ಮಾಡಬೇಕಾದದ್ದು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಅಲಾರಂ ಸರ್ಕ್ಯೂಟ್ ಬೋರ್ಡು. ತಂಪು ಮಾಡುವ ಮಷಿನ್ ನಿಂತರೆ ಕೂಗಬೇಕು. ಅಂಗಡಿ ನಿಜಲಿಂಗಪ್ಪ ಕಾಕಾನದು, ಶರತ್ತೂ ಅವನದೇ.
"ಒಂದ ಸಲ ನೋಡ್ತೇನಿ ಸ್ನೇಹಾ. ಕೂಗಿದ್ರ ಇನ್ಮ್ಯಾಲ ಎಲ್ಲಾ ಬೋರ್ಡೂ ನೀನ ಮಾಡು. ಕೂಗಲಿಲ್ಲಂದ್ರ ಹುಬ್ಬಳ್ಳಿಯಿಂದ ರೆಡಿಮೇಡ್ ತರೋದು ಇದ್ದದ್ದ."

ಜನವರಿ 7
ಸ್ಕ್ರೀನಿನ ಮೇಲೆ ಕಾಲುಗಳಿಗೆ ತಂತಿಯ ಗೆರೆ ಎಳೆದೆ, ಮುಟ್ಟಿದ ಹಾಗೇ ಕಂಡಿತು. ಚೆಕ್ ಒತ್ತಿದರೆ ಎಂಟೂ ಕಾಲಿಗೆ ಎರರ್! ತಂತಿ ಕೂಡುವ ತುದಿಯನ್ನು ಚೌಕದ ಒಳಮುಖವಾಗಿ ಇಟ್ಟಿದ್ದೆ. ತಿರುಗಿಸಿದೆ. ಎರರ್ ಸೊನ್ನೆ. ಕುಣಿದುಬಿಟ್ಟೆ... ಗಿರಾಕಿಯೊಬ್ಬ ಮಿಕ್ಸರ್ ಹಿಡಿದು ನೋಡುತ್ತ ನಿಂತಿದ್ದ. ನೋಡಲಿ. ಬೋರ್ಡು ಮಾಡುವವರಿಗೆ ಫೈಲ್ ಹೋಯಿತು.

ಜನವರಿ 21, ಮಂಗಳವಾರ
ಬೋರ್ಡು ಬಂತು! ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಹೆಸರು. ಬೆಸುಗೆ ಹಾಕಿ ಕರೆಂಟು ಕೊಟ್ಟೆ. ರಿಲೇ ಮಿಸುಕಲಿಲ್ಲ.

ಸಂಜೆ
ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ರಿಪೇರಿಯವರು ನಾವು, ರಿಲೇಯನ್ನು ಯಾವಾಗಲೂ ಬೋರಲು ಹಾಕಿಯೇ ನೋಡುವುದು. ನಂಬರೂ ಹಾಗೇ ಕೊಟ್ಟಿದ್ದೇನೆ — ಕೆಳಗಿನಿಂದ ನೋಡಿ. ಮೇಲಿನಿಂದ ಕೂರಿಸಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಾಡಿದ್ದೇ ಬ್ಯಾಡಗಿಗೆ ಒಯ್ಯಬೇಕು. ಹೊಸ ಬೋರ್ಡಿಗೆ ಎರಡು ವಾರ. ಅಳು ಬಂತು.

ಜನವರಿ 22
ಹಲ್ಲುಜ್ಜುವಾಗ ಹೊಳೆಯಿತು!! ಬೋರ್ಡಿನ ಹಿಂಬದಿಗೆ ಕೂರಿಸಿದರೆ ಎಡಬಲ ಮತ್ತೆ ಅದಲುಬದಲು. ನಂಬರಿಗೆ ನಂಬರು ಸರಿ! ರಿಲೇ ಕೂರುವ ಸಾಕೆಟ್ ಕಿತ್ತು ಹಿಂದೆ ಬೆಸೆದೆ. ರಿಲೇ ಬಾವಲಿಯಂತೆ ಕೆಳಗೆ ತೂಗುತ್ತಿದೆ. ಟಕ್ ಅಂತು.
"ಇದ್ಯಾಕ ಉಲ್ಟಾ ಐತಿ?" ಕಾಕಾ ಕೇಳಿದ. ಎಲ್ಲ ಹೇಳಿಬಿಟ್ಟೆ.
"ಕೂಗತೈತಿಲ್ಲೋ? ನಡಿ ಹಂಗಾರ."

ಜನವರಿ 23, ಗುರುವಾರ
ಬ್ಯಾಡಗಿ. ಒಳಗೆ ಕಾಲಿಟ್ಟಿದ್ದೇ ಇಬ್ಬರಿಗೂ ಸೀನು. ಬೋರ್ಡನ್ನು ಗೋಡೆಯ ಪೆಟ್ಟಿಗೆಯೊಳಗೆ ಜೋಡಿಸಿದೆ. ಅಲ್ಲಿನ ಮ್ಯಾನೇಜರು ಶಬನಮ್ ಮಷಿನ್ ನಿಲ್ಲಿಸಿದರು. ಕೂಗಿತು! ಹಮಾಲರೆಲ್ಲ ಚೀಲ ಬಿಟ್ಟು ಓಡಿ ಬಂದರು.
ಶಬನಮ್ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ.
"ರಿಲೇ ಕೆಳಗ ಹಾಕೀರಿ? ಚಲೋ ಮಾಡೀರಿ ನೋಡ್ರಿ! ಹಳೇದ್ರಾಗ ಖಾರದ ಧೂಳು ಸಾಕೆಟ್ಟಿನ್ಯಾಗ ಇಳದು ಕೆಡ್ತಿತ್ತು. ಉಳಿದ ಮೂರು ರೂಮಿಗೂ ಹಿಂಗ ಮಾಡಿ ಕೊಡ್ರಿ."
ನಾನು ಬಾಯಿ ತೆರೆಯುವ ಮೊದಲೇ ಕಾಕಾ: "ನಮ್ಮ ಹುಡುಗಿ ಭಾಳ ವಿಚಾರ ಮಾಡಿ ಹಾಕ್ಯಾಳರಿ." ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ!

ಸಂಜೆ
ಬಸ್ಸಿಳಿದು ನೇರ ಅಂಗಡಿಗೆ. ಸಿಂಬಲ್ ತಿದ್ದಲು ಕೂತೆ. ಅಯ್ಯೋ, ತಿದ್ದಿದರೆ ಆ ಮೂರೂ ರೂಮಿನ ರಿಲೇ ಮತ್ತೆ ಮೇಲಕ್ಕೇ ಬರುತ್ತದೆ... ಕೈ ತೆಗೆದೆ.
ಹಿಂದಿನಿಂದ ಕಾಕಾ: "ಹುಬ್ಬಳ್ಳಿಯವ್ರಿಗೆ ಇನ್ನ ಬೋರ್ಡು ಬ್ಯಾಡಂತ ಫೋನ್ ಮಾಡೇನಿ. ಅದನ್ನ ಹಂಗ ಇಡು, ಕೆಡಸಬ್ಯಾಡ."
ತಪ್ಪು ಸಿಂಬಲ್ಲನ್ನೇ ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದೇನೆ. ಏನು ಹೆಸರು ಅಂತ ಕಂಪ್ಯೂಟರು ಕೇಳುತ್ತಿದೆ. ಖುಷಿಗೆ ಬೆರಳೇ ನಿಲ್ಲುತ್ತಿಲ್ಲ — ಸ್ನೇಹಾ_ಕೆಳಗಿನಿಂದ_ರಿಲೇ.