ಹೈಡ್ರೋಜನ್ ಲೋಹವಲ್ಲ ಎಂದು ಬರೆದ ಹುಡುಗಿಯ ಕುರಿತು

ಪ್ರವೇಶ ಪರೀಕ್ಷೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಸರಿಯುತ್ತರ ಬರೆದ ತಪ್ಪಿಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಸೀಟು ಕಳೆದುಕೊಂಡಿದ್ದಾಳೆ. ಆ ಉತ್ತರ ಕಲಿಸಿದವಳು ನಾನು.

ಅಂಜಲಿ, ರಾಮಗಿರಿ ಕಡೆಯ ಕುರಿ ಸಾಕುವ ಹಾಲಸ್ವಾಮಿಯವರ ಮಗಳು. ವಸತಿ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ನೀವು ನಡೆಸಿದ ಪರೀಕ್ಷೆಯಲ್ಲಿ, 'ಆವರ್ತಕ ಕೋಷ್ಟಕದ ಎಡತುದಿಯ ಕಂಬಸಾಲಿನಲ್ಲಿರುವ ಎಲ್ಲ ಧಾತುಗಳೂ ಲೋಹಗಳು, ಸರಿಯೋ ತಪ್ಪೋ?' ಎಂದು ಕೇಳಿದ್ದಿರಿ. ಅವಳು 'ತಪ್ಪು' ಎಂದಳು. ನಿಮ್ಮ ಕೀ ಉತ್ತರ 'ಸರಿ' ಎಂದಿತು. ಸೀಟು ತಪ್ಪಿದ್ದು ಒಂದೇ ಅಂಕದಿಂದ.

ಕೋಷ್ಟಕದ ಎಡಕ್ಕೂ ನಡುವೆಯೂ ಲೋಹಗಳು, ಬಲಗಡೆ ಮೇಲ್ಭಾಗದಲ್ಲಿ ಅಲೋಹಗಳು, ಎರಡರ ನಡುವೆ ಮೆಟ್ಟಿಲಿನಂತೆ ಇಳಿಯುವ ಗೆರೆ. ಇದನ್ನು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಹೈಡ್ರೋಜನ್ ಮಾತ್ರ ಒಂದೇ ಎಲೆಕ್ಟ್ರಾನ್ ಇರುವ ಕಾರಣಕ್ಕೆ ಎಡತುದಿಯಲ್ಲಿ ಲೋಹಗಳ ನೆತ್ತಿಯ ಮೇಲೆ ಕೂತಿದೆ. ಅದು ಅನಿಲ, ಅಲೋಹ. ತಮ್ಮ ಕಚೇರಿಯ ಮೊಹರು ಬಿದ್ದ ಮಾತ್ರಕ್ಕೆ ಅದು ಬಡಿದರೆ ತಗಡಾಗುತ್ತದೆಯೇ?

ಗಡುವಿನೊಳಗೇ ಆಕ್ಷೇಪಣೆ ಸಲ್ಲಿಸಿದೆ. 'ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ' ಎಂದು ಉತ್ತರ ಬಂತು. ಹಾಲಸ್ವಾಮಿಯವರನ್ನು ಕರೆದುಕೊಂಡು, ಪಠ್ಯಪುಸ್ತಕ ಹಿಡಿದು ಚಿತ್ರದುರ್ಗದ ನಿಮ್ಮ ಕಚೇರಿಗೆ ಹೋದೆ. ಗುಮಾಸ್ತರು ಪುಟವನ್ನು ಎರಡು ಸಲ ಓದಿದರು.

"ನೀವು ಹೇಳೋದು ಸರಿ ಐತೆ ಮೇಡಂ. ಆದ್ರೆ ಆಯ್ಕೆ ಪಟ್ಟಿ ಮೇಲಕ್ಕೆ ಹೋಗ್‌ಬಿಟ್ಟೈತೆ. ನಾನೇನ್ ಮಾಡ್ಲಿ ಹೇಳ್ರಿ?"

ವಾಪಸು ಬರುವಾಗ ಬಸ್ಸಿನಲ್ಲಿ ಹಾಲಸ್ವಾಮಿ, "ಎಲ್ರೂ ಸರಿ ಅಂತಾರೆ. ಮತ್ತೆ ತಪ್ಪು ಅಂದೋರು ಯಾರ್ರಿ?" ಎಂದರು. ಆ ಹೆಸರು ನನಗೂ ಗೊತ್ತಿಲ್ಲ.

ಅಂಜಲಿ ಈಗ ಹೊಸದುರ್ಗದಲ್ಲಿ ಕಲಾ ವಿಭಾಗ ಸೇರಿದ್ದಾಳೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. "ಮಿಸ್, ನಾನು 'ಸರಿ' ಅಂತ್ಲೇ ಬರೀಬೇಕಿತ್ತಾ?" ಎಂದು ಕೇಳಿದಳು. ನಾನು ಬಸ್ಸು ಬಂತೆಂದು ಹೇಳಿ ಹೊರಟುಬಿಟ್ಟೆ. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ.

ಇನ್ನೊಂದು ತಪ್ಪೊಪ್ಪಿಗೆ. ಕಳೆದ ವಾರ ಹತ್ತನೇ ತರಗತಿಯಲ್ಲಿ ಅದೇ ಪಾಠ. ಪ್ರೀತಿ ಎಂಬ ಹುಡುಗಿ, "ಮಿಸ್, ಪರೀಕ್ಷೇಲಿ ಆ ಪ್ರಶ್ನೆ ಬಂದ್ರೆ ಏನು ಬರೀಲಿ?" ಎಂದಳು. ಅವಳಿಗೂ ವಿಜ್ಞಾನ ಓದುವ ಆಸೆಯಿದೆ. "'ಸರಿ' ಅಂತ ಬರಿಯಮ್ಮ" ಎಂದೆ. ಗೊತ್ತಿದ್ದೂ ಸುಳ್ಳು ಕಲಿಸಿದ್ದು ಅದೇ ಮೊದಲು.

ಸೀಟು ಮರಳಿ ಬಾರದೆಂದು ಬಲ್ಲೆ. ಅಂಜಲಿಯ ಉತ್ತರ ಸರಿಯಿತ್ತೆಂದು ಅವಳ ವಿಳಾಸಕ್ಕೆ ಸಹಿ ಮಾಡಿದ ಒಂದು ಸಾಲು ಕಳಿಸಿ. ಅದರ ಪ್ರತಿ ನನಗೂ ಬೇಕು; ಪ್ರೀತಿಯ ತರಗತಿಯಲ್ಲಿ ಓದಿ ಹೇಳಿ ಕ್ಷಮೆ ಕೇಳುತ್ತೇನೆ.

ಇಂತಿ,
ಈಗ ಎರಡು ಉತ್ತರ ಕಲಿಸುತ್ತಿರುವ
ರೇಣುಕಾ, ವಿಜ್ಞಾನ ಶಿಕ್ಷಕಿ
ಹೊಳಲ್ಕೆರೆ ತಾಲ್ಲೂಕು