ಅಮ್ಮನ ಅಚ್ಚಿಗೆ ಅಂಟಿಸಿದ ಪಟ್ಟಿಗಳು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಹೊತ್ತು ಹೊತ್ತಿಗೆ ತಿನ್ನುತ್ತಿದ್ದೀಯೋ ಇಲ್ಲವೋ? ಆ ತಲೆನೋವು ಕಡಿಮೆಯಾಯಿತೇ? ಅಪ್ಪ ಹೋದ ವರ್ಷ ಹೊಲಿದುಕೊಟ್ಟ ಬೂಟು ಬಿಗಿಯಾಗುತ್ತಿದೆ ಎಂದು ನೀನು ಬರೆದಿದ್ದೆ. ಅದಿರಲಿ, ಮೊದಲು ನನ್ನ ಪುರಾಣ ಕೇಳು.

ನನ್ನ ಕೈಕಾಲು ಯಾಕೆ ದಪ್ಪವಾಗುತ್ತಿತ್ತು ಎಂದು ಕೊನೆಗೂ ಗೊತ್ತಾಯಿತು. ನೀನು ಗಾಬರಿಯಾಗುತ್ತೀಯೆಂದು ಗುಣ ಕಾಣುವವರೆಗೆ ಬರೆಯಲಿಲ್ಲ, ಬೈಯಬೇಡ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ, ಪಿಟ್ಯುಟರಿ ಅಂತ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ನನ್ನದರಲ್ಲಿ ಒಂದು ಗಂಟು ಎದ್ದು, ಈ ವಯಸ್ಸಿನಲ್ಲಿ ನನ್ನನ್ನು ಬೆಳೆಸಲು ಹೊರಟಿತ್ತು. ಇದನ್ನು ಹಿಡಿದದ್ದು ಹಲ್ಲಿನ ಡಾಕ್ಟರಮ್ಮ. ನನ್ನ ಹಲ್ಲುಗಳ ಸಂದು ನೋಡಿ, “ಚಪ್ಪಲಿ ಅಳತೆ ಬದಲಾಗಿದೆಯಾ?” ಎಂದು ಕೇಳಿದರು. ಆಗ ನಿಮ್ಮಪ್ಪನ ಮುಖ ನೋಡಬೇಕಿತ್ತು. ನಮ್ಮೆಲ್ಲರ ಪಾದದ ಮರದ ಅಚ್ಚುಗಳು ಕಪಾಟಿನಲ್ಲಿವೆಯಲ್ಲ, ನನ್ನ ಅಚ್ಚಿಗೆ ಈ ಮಹಾರಾಯರು ಪ್ರತಿ ಸಲ ಚಪ್ಪಲಿ ಹೊಲಿಯುವಾಗಲೂ, ಅದು ದೊಡ್ಡದಾಗಲೆಂದು, ಗುಟ್ಟಾಗಿ ಒಂದೊಂದು ಚರ್ಮದ ಪಟ್ಟಿ ಅಂಟಿಸುತ್ತಾ ಬಂದಿದ್ದರು. “ನನ್ನ ಅಳತೇನೇ ತಪ್ತಿದೆ ಅನ್ಕೊಂಡಿದ್ದೆ ಕಣೇ” ಅಂದರು. ಮೋಚಿಗೆ ಮರ್ಯಾದೆ ಮುಖ್ಯ ನೋಡು.

ಗಂಟು ಇರುವ ಜಾಗದಲ್ಲಿ ಕತ್ತರಿ ಆಡಿಸುವುದು ಕಷ್ಟವಂತೆ. ಅದಕ್ಕೇ ತಿಂಗಳಿಗೊಂದು ಇಂಜೆಕ್ಷನ್. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಅದರ ಡಬ್ಬಿ ರಾಣಿಯ ಹಾಗೆ ಕೂತಿರುತ್ತದೆ. ಚುಚ್ಚುವ ಮುಂಚೆ ಹೊರಗಿಟ್ಟು ತಣುಪು ಬಿಡಿಸಬೇಕು. ಮೊದಲ ಸಲ ನಿಮ್ಮಪ್ಪ ಅದನ್ನು ಅಂಟು ಕಾಯಿಸುವ ಒಲೆಯ ಹತ್ತಿರ ಒಯ್ದಾಗ, ಚುಚ್ಚಲು ಮನೆಗೆ ಬಂದಿದ್ದ ನರ್ಸಮ್ಮ ಗದರಿದರು: “ಅದೇನು ನಿಮ್ಮ ಅಂಟಲ್ಲ ಯಜಮಾನ್ರೇ, ತಾನಾಗೇ ಬಿಸುಪಾಗ್ಲಿ ಬಿಡಿ.”

ನನಗಂತೂ ಡಾಕ್ಟರನ್ನು ಕೇಳಿದಷ್ಟೂ ಕುತೂಹಲ ಮುಗಿಯದು. ಬೆಳೆಸುವ ರಸಕ್ಕೆ “ಸಾಕು, ಸುಮ್ನಿರು” ಎನ್ನುವ ಇನ್ನೊಂದು ರಸ ನಮ್ಮ ಮೈಯಲ್ಲೇ ಇದೆಯಂತೆ. ಆದರೆ ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದನ್ನೇ ನೋಡಿ ಮಾಡಿದ ಈ ಔಷಧಿ ತಿಂಗಳಿಡೀ ಗದರುತ್ತಲೇ ಇರುತ್ತದೆ. ನಿನ್ನನ್ನು ಬೆಳೆಸುವಾಗ ನನಗೂ ಇಂಥದ್ದೊಂದು ಬೇಕಿತ್ತು. ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ಹೊಟ್ಟೆ ಕೆಡುತ್ತದೆ, ಅಷ್ಟೇ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲವಂತೆ, ಆದರೆ ಬಾವು ಇಳಿದಿದೆ. ನಿನ್ನೆ ಮದುವೆಯ ಉಂಗುರ ಬೆರಳಿಗೆ ಹತ್ತಿತು. ನಾನು ಅತ್ತುಬಿಟ್ಟೆ, ಯಾರಿಗೂ ಹೇಳಬೇಡ.

ನೂರು ಕಾಲ ಸುಖವಾಗಿರು ಮಗಳೇ.

ನಿನ್ನ
ಅಮ್ಮ

ಮರೆತಿದ್ದೆ: ಬೂಟಿನ ವಿಷಯ. ಬೆಳಿಗ್ಗೆ ಅಪ್ಪ ನಿನ್ನ ಅಚ್ಚು ಇಳಿಸಿ, ಅಂಟು ಕಾಯಿಸಿ, ಚರ್ಮದ ಪಟ್ಟಿಯನ್ನೂ ಕತ್ತರಿಸಿದರು. ಆಮೇಲೆ ಅದನ್ನು ಅಂಟಿಸದೆ ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು, ಅಂಟು ಆರಿತು. ಈ ಕಾಯಿಲೆ ಮನೆತನದಲ್ಲಿ ಬರುವುದು ಬಹಳ ಅಪರೂಪ ಎಂದಿದ್ದಾರೆ ಡಾಕ್ಟರು. ಬರುವುದೇ ಇಲ್ಲ ಎಂದಿಲ್ಲ. ಈ ಕಾಗದ ಸಿಕ್ಕ ಕೂಡಲೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಾ. ಅಲ್ಲಿಯವರೆಗೆ ನಿನ್ನ ಅಚ್ಚಿಗೆ ಏನೂ ಅಂಟಿಸುವುದಿಲ್ಲವಂತೆ ನಿಮ್ಮಪ್ಪ.