ಎದುರಿನ ನವಿಲು

ನವಲಗುಂದ
೧೪ ಜುಲೈ ೨೦೨೫

ಪ್ರೀತಿಯ ಮಗಳು ರೂಬಿನಾಗೆ ನಿನ್ನ ಅಮ್ಮಿಯ ದುವಾ.

ಫೋನ್ ಬಿಟ್ಟು ಇವಳೇಕೆ ಪತ್ರ ಬರೆದಳು ಅಂತ ಹುಬ್ಬೇರಿಸಬೇಡ. ಅಳ್ನಾವರದಲ್ಲಿ ನಿನ್ನ ಫೋನು ಅತ್ತೆ ಮನೆಯವರಿಗೆಲ್ಲ ಕೇಳುತ್ತದೆ. ನಿನ್ನ ಅಣ್ಣ ಸಾಧಿಕ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೇನಿದೆ ಅಂತ ಅವನಿಗೂ ಗೊತ್ತಿಲ್ಲ. ಬಾಗಿಲು ಹಾಕಿಕೊಂಡು ಓದು.

ಹುಬ್ಬಳ್ಳಿಯಲ್ಲಿ ನನ್ನ ಎದೆಯ ಕ್ಯಾನ್ಸರಿಗೆ ಕಿರಣದ ಕರೆಂಟ್ ಕೊಡುವುದು ಮೊನ್ನೆಗೆ ಮುಗಿಯಿತು. ಚರ್ಮ ಸುಟ್ಟ ಬದನೆಕಾಯಿ ಆಗಿದೆ. ಈ ಕರೆಂಟ್ ಒಳಗೆ ಮಾಡುವುದಾದರೂ ಏನು ಅಂತ ಡಾಕ್ಟರ್ ಬಾಯಿಯವರನ್ನು ಕೇಳಿದೆ. ನಮ್ಮ ಮೈಯ ಕಣಕಣದಲ್ಲೂ ಜೋಡಿ ಎಳೆಯ ದಾರ ಇದೆಯಂತೆ, ಡಿಎನ್ಎ ಅಂತ. ಕಿರಣ ಬಿದ್ದರೆ ಎರಡೂ ಎಳೆ ಒಮ್ಮೆಲೇ ತುಂಡು. ಕಣ ಸುಮ್ಮನೆ ಕೂರುವುದಿಲ್ಲ. ಅವಸರವಿದ್ದರೆ ಎರಡು ತುದಿ ಹಿಡಿದು ಗಂಟು ಹಾಕುತ್ತದೆ, ಆ ದಾರದಲ್ಲಿ ಬರೆದಿರುವ ನಾಲ್ಕು ಅಕ್ಷರ ಅಲ್ಲಿ ಹೋದರೂ ಹೋದವು. ಪುರುಸೊತ್ತಿದ್ದರೆ ಬಾಜುವಿನಲ್ಲಿರುವ ಅಂಥದೇ ಇನ್ನೊಂದು ಪ್ರತಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ತುಂಬಿಕೊಳ್ಳುತ್ತದೆ.

ನಾನು ನಕ್ಕೆ. ಜಮಖಾನದಲ್ಲಿ ನಾವು ಮಾಡುವುದೂ ಅದೇ ತಾನೆ? ನೇಯ್ದ ನವಿಲನ್ನು ಇಲಿ ಕಡಿದರೆ ಎದುರಿನ ನವಿಲು ನೋಡಿ, ಎಳೆ ಎಣಿಸಿ ನೇಯುತ್ತೇವೆ.

ಆಮೇಲೆ ಅವರು ಹೇಳಿದ್ದು ಕೇಳಿ ನಗು ಹೋಯಿತು. ಪ್ರತಿ ನೋಡಿ ದುರಸ್ತಿ ಮಾಡುವ ಆ ಕಸಬು ನನ್ನ ರಕ್ತದಲ್ಲಿ ಹುಟ್ಟಿನಿಂದಲೇ ಅರ್ಧ ಕೆಟ್ಟಿದೆ. ರೋಗಕ್ಕೆ ಬೇರು ಅದೇ. ಮಕ್ಕಳಿಗೆ ಇಳಿದಿರಲೂಬಹುದು, ಇಲ್ಲದಿರಲೂಬಹುದು, ಅರ್ಧಕ್ಕರ್ಧ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಬೇಗ ಹಿಡಿದರೆ ಉಳಿಯುವ ದಾರಿ ಇದೆ. ಸಾಧಿಕ್‌ಗೂ ಹೇಳುತ್ತೇನೆ, ಮೊದಲು ನೀನು.

ಚಿಕ್ಕವಳಿದ್ದಾಗ ಮಗ್ಗದ ಮುಂದೆ ಕೂರಲು ಎಷ್ಟು ಅಳುತ್ತಿದ್ದೆ ನೀನು! ನಮ್ಮಲ್ಲಿ ಕಸಬು ಸೊಸೆಗೇ ಹೊರತು ಮಗಳಿಗಲ್ಲ. "ನೀ ಹೊರಗ ಹೋಗಾಕಿ, ಏಳ ಬೇ," ಅಂತ ಎಳೆ ಬಡಿಯುವ ಪಂಜಾವನ್ನು ನಿನ್ನ ಕೈಯಿಂದ ಕಸಿದುಕೊಂಡೆ. ಬೇಡಿದ್ದನ್ನು ಕೊಡಲಿಲ್ಲ, ಬೇಡದ್ದನ್ನು ಕೊಟ್ಟುಬಿಟ್ಟೆನೇನೋ.

ಇನ್ನೊಂದಿದೆ. ನನ್ನ ರಕ್ತ ಕೆಟ್ಟಿದೆ ಅಂದ ಆ ರಿಪೋರ್ಟ್ ಬಂದದ್ದು ಈಗಲ್ಲ, ರಂಜಾನಿನಲ್ಲಿ. ನೀನಾಗ ಹಸಿ ಬಾಣಂತಿ. ಕೆಟ್ಟ ರಕ್ತದವಳನ್ನು ತಂದುಕೊಂಡೆವು ಅಂತ ನಿನ್ನ ಅತ್ತೆ ಅಂದಾರು ಎಂದು ಹೆದರಿ, ಅದನ್ನು ನೂಲಿನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹೋದಾಗಲೆಲ್ಲ ಡಾಕ್ಟರ್ ಬಾಯಿ "ಮಗಳಿಗೆ ಹೇಳೀರೇನ್ರಿ?" ಅನ್ನುತ್ತಿದ್ದರು. "ಹೇಳೇನ್ರಿ," ಅಂತ ಸುಳ್ಳು ಹೇಳುತ್ತಿದ್ದೆ.

ಬೈಯಬೇಕೆನಿಸಿದರೆ ಬೈ. ಆದರೆ ಹುಬ್ಬಳ್ಳಿಗೆ ಬಾ.

ನಿನ್ನ ಅಮ್ಮಿ
ಜುಲೇಖಾಬಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಬಕ್ರೀದಿಗೆ ಬಂದಾಗ ನೀನು ನನ್ನ ಕೈ ಹಿಡಿದು ನಿನ್ನ ಎದೆಯ ಮೇಲಿಟ್ಟು, ಇಲ್ಲಿ ಏನೋ ಗಟ್ಟಿ ಹತ್ತುತ್ತದೆ ಅಮ್ಮೀ ಅಂದೆ. "ಹಾಲಿನ ಗಂಟು ಬೇ, ಬಿಸಿ ಅರಿಬಿ ಇಡು, ಕರಗತೈತಿ," ಅಂದೆ ನಾನು. ರಿಪೋರ್ಟ್ ಆಗಲೇ ಪೆಟ್ಟಿಗೆಯಲ್ಲಿತ್ತು. ತಿಳಿಯದೆ ಹೇಳಿದ್ದಲ್ಲ, ರೂಬಿ. ಕೂಸನ್ನು ಎತ್ತಿಕೊಂಡು ಸಾಧಿಕ್‌ನ ಜೊತೆಗೇ ಇವತ್ತೇ ಹೊರಡು.